ಹಳಿಗೂ ಮೊದಲು ಗುಂಡಿ ನೋಡಿ: ಕಟ್ಟುತ್ತಿರುವ ರೋಲರ್ ಕೋಸ್ಟರನ್ನು ದಾವಣಗೆರೆ–ದುರ್ಗದಿಂದ ಹಿಂಬಾಲಿಸುವ ಬಗೆ

ಹೊಸ ರೋಲರ್ ಕೋಸ್ಟರ್ ಬರುತ್ತದೆ ಎಂಬ ಸುದ್ದಿ ಬಿದ್ದ ಕೂಡಲೇ ಹೆಚ್ಚಿನವರು ಎತ್ತರದ ಹಳಿ ಕಾಣಿಸಲಿ ಎಂದು ಕಾಯುತ್ತಾರೆ. ಹಳಿ ಕಾಣಿಸುವ ಹೊತ್ತಿಗೆ ತಿಳಿಯಬೇಕಾದ್ದರಲ್ಲಿ ಅರ್ಧ ಮಣ್ಣಿನಡಿ ಮುಚ್ಚಿಹೋಗಿರುತ್ತದೆ. ಎಲ್ಲಿ ಏರು, ಎಲ್ಲಿ ತಿರುವು, ರೈಲು ಎಲ್ಲೆಲ್ಲಿ ನಿಲ್ಲಬಲ್ಲದು, ಒಟ್ಟು ಎಷ್ಟು ರೈಲು ಓಡಬಹುದು ಎಂಬುದನ್ನೆಲ್ಲ ಅಡಿಪಾಯದ ಗುಂಡಿಗಳೇ ಹೇಳುತ್ತವೆ. ಗುಂಡಿ ತೋಡಿ ಕಾಂಕ್ರೀಟ್ ಹಾಕುವ ಆ ಎರಡು ಮೂರು ತಿಂಗಳು ತಪ್ಪಿಸಿಕೊಂಡರೆ ಆಮೇಲೆ ಬರೀ ಊಹೆ.

ನಮ್ಮ ಕಡೆಯವರಿಗೆ ಇರುವ ತೊಡಕು ದೂರದ್ದು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ 200. ಬಿಡದಿಯ ವಂಡರ್‌ಲಾ ಅದರಾಚೆ ಇನ್ನೂ 30. ಹೈದರಾಬಾದ್, ಚೆನ್ನೈ, ಖೋಪೋಲಿಯ ಪಾರ್ಕುಗಳು ಮತ್ತೂ ದೂರ. ವಾರವಾರ ಹೋಗಿ ಬೇಲಿಯಾಚೆ ನಿಲ್ಲಲು ಆಗುವುದಿಲ್ಲ. ಆದ್ದರಿಂದ ಕೆಲಸವನ್ನು ಮೂರು ಪಾಲು ಮಾಡಿಕೊಳ್ಳಬೇಕು: ಊರಲ್ಲೇ ಕಣ್ಣು ಪಳಗಿಸುವುದು, ಮನೆಯಲ್ಲಿ ಕೂತು ಕಾಗದಪತ್ರ ಮತ್ತು ಉಪಗ್ರಹ ಚಿತ್ರ ನೋಡುವುದು, ಸರಿಯಾದ ಹೊತ್ತಿಗೆ ಐದಾರು ಸಲ ಮಾತ್ರ ಖುದ್ದು ಹೋಗುವುದು. ನಾಲ್ಕೈದು ಜನ ಸೇರಿಕೊಂಡರೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಬಹುದು.

ಊರಲ್ಲೇ ಪಾಠ

ಕೋಸ್ಟರ್ ಕಟ್ಟುವ ಕೆಲಸಕ್ಕೆ ಅತಿ ಹತ್ತಿರದ ಕೆಲಸ ಚಿತ್ರದುರ್ಗದ ಗುಡ್ಡಗಳ ಮೇಲೆಯೇ ನಡೆಯುತ್ತದೆ. ಅದು ಗಾಳಿ ಫ್ಯಾನು ನಿಲ್ಲಿಸುವ ಕೆಲಸ. ಕಾಂಕ್ರೀಟ್ ಬುಡ, ಅದರಿಂದ ಮೇಲೆದ್ದ, ಕಂಬವನ್ನು ಹಿಡಿದು ನಿಲ್ಲಿಸುವ ಆಂಕರ್ ಬೋಲ್ಟುಗಳ ಸುತ್ತು, ತುಂಡು ತುಂಡಾಗಿ ಬರುವ ಉಕ್ಕಿನ ಕಂಬ, ತುಂಡಿಗೆ ತುಂಡು ಸೇರುವಲ್ಲಿ ದಪ್ಪ ಫ್ಲಾಂಜ್ (ಬಳೆಯಂಥ ಅಂಚು), ಅದರ ಸುತ್ತ ಸಾಲು ಬೋಲ್ಟು. ಕೋಸ್ಟರಿನ ಕಂಬವೂ ಇದೇ ರೀತಿಯದು, ಗಾತ್ರ ಸಣ್ಣದು, ಸಂಖ್ಯೆ ಹೆಚ್ಚು. ಜೋಗಿಮಟ್ಟಿ ಕಡೆಗೋ ಹಿರಿಯೂರು ಕಡೆಗೋ ಹೊಸ ಫ್ಯಾನು ಏಳುತ್ತಿದ್ದರೆ ರಸ್ತೆಯಲ್ಲೇ ನಿಂತು ದುರ್ಬೀನಿನಲ್ಲಿ ಮೂರು ವಿಷಯ ಗಮನಿಸಿ. ಒಂದು, ಕ್ರೇನು ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ. ಗಾಳಿ ಸೆಕೆಂಡಿಗೆ 9–10 ಮೀಟರ್ ದಾಟಿದರೆ ಅಗಲವಾದ ಭಾರ ಎತ್ತುವುದನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಎರಡು, ಹೊಸ ತುಂಡು ಕೂತ ಮೇಲೆ ಕ್ರೇನಿನ ಕೊಕ್ಕೆ ಬಿಡಿಸಲು ಎಷ್ಟು ಸಮಯ ಹಿಡಿಯಿತು. ಮೂರು, ನಟ್ಟಿನಿಂದ ಫ್ಲಾಂಜಿನವರೆಗೆ ಎಳೆದ ಬಣ್ಣದ ಗೆರೆ. ನಟ್ಟನ್ನು ಲೆಕ್ಕದ ಬಿಗಿಗೆ ತಂದ ಮೇಲೆ ಆ ಗೆರೆ ಎಳೆಯುತ್ತಾರೆ. ಮುಂದೆ ಯಾವಾಗಲಾದರೂ ಗೆರೆ ಮುರಿದಂತೆ ಕಂಡರೆ ನಟ್ಟು ತಿರುಗಿದೆ ಎಂದರ್ಥ. ಈ ಗೆರೆ ಗುರುತಿಸಲು ಕಲಿತವರು ಕೋಸ್ಟರಿನಲ್ಲಿ ಯಾವ ಜೋಡಣೆ ಮುಗಿದಿದೆ, ಯಾವುದು ಇನ್ನೂ ಸಡಿಲವಾಗಿ ನಿಂತಿದೆ ಎಂದು ದೂರದಿಂದಲೇ ಹೇಳಬಲ್ಲರು.

ಎರಡನೆಯ ಪಾಠಶಾಲೆ ಜಾತ್ರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಾಯಕನಹಟ್ಟಿಯದು ವರ್ಷ ವರ್ಷ. ಆಟದ ಸಾಮಾನಿನ ಲಾರಿಗಳು ಬಂದಿಳಿಯುವ ದಿನವೇ ಹೋಗಿ, ಜಾತ್ರೆ ನೆರೆದ ದಿನವಲ್ಲ. ಜಾತ್ರೆಗಳಿಗೆ ಬರುವ ಡ್ರ್ಯಾಗನ್ ಟ್ರೇನು ಒಂದು ಪುಟ್ಟ ಕೋಸ್ಟರೇ. ಹಳಿಯ ತುಂಡುಗಳಿಗೆ ನಂಬರ್ ಹೇಗೆ ಹಾಕಿದ್ದಾರೆ, ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಮಟ್ಟ ಹೇಗೆ ತರುತ್ತಾರೆ, ಕೊನೆಯ ತುಂಡು ಕೂರದೆ ಹೋದಾಗ ಯಾವ ಕಾಲನ್ನು ಸರಿಸುತ್ತಾರೆ ಎಂಬುದನ್ನೆಲ್ಲ ಮಾರು ದೂರದಿಂದ ನೋಡಬಹುದು. ವ್ಯತ್ಯಾಸವೂ ತಿಳಿದಿರಲಿ. ಇಂಥ ಟ್ರೇನುಗಳಲ್ಲಿ ಮೋಟರು ಸಾಮಾನ್ಯವಾಗಿ ಗಾಡಿಯಲ್ಲೇ ಇರುತ್ತದೆ, ಸುತ್ತಿನುದ್ದಕ್ಕೂ ಅದೇ ಎಳೆಯುತ್ತದೆ. ದೊಡ್ಡ ಕೋಸ್ಟರಿನ ರೈಲಿಗೆ ಮೋಟರಿಲ್ಲ. ಒಮ್ಮೆ ಮೇಲೆತ್ತಿ ಬಿಟ್ಟರೆ ಉಳಿದ ದಾರಿಯೆಲ್ಲ ಇಳುಕಲಿನ ಬಲದಲ್ಲೇ ಸಾಗಬೇಕು. ಮುಂದೆ ಪರೀಕ್ಷಾ ಓಟದಲ್ಲಿ ರೈಲು ನಡುದಾರಿಯಲ್ಲಿ ನಿಂತುಬಿಡುವುದಕ್ಕೆ ಕಾರಣ ಇದೇ.

ಕೂತಲ್ಲೇ ಸಿಗುವ ಸುಳಿವು

ವಂಡರ್‌ಲಾ ಕಂಪನಿ 2014ರಿಂದ ಷೇರುಪೇಟೆಯಲ್ಲಿದೆ. ಖೋಪೋಲಿಯ ಇಮ್ಯಾಜಿಕಾ ಪಾರ್ಕು ನಡೆಸುವ ಕಂಪನಿಯೂ ಪೇಟೆಯಲ್ಲಿದೆ. ಷೇರುಪೇಟೆಯಲ್ಲಿರುವ ಕಂಪನಿ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಲೇಬೇಕು. ಹೂಡಿಕೆದಾರರಿಗೆಂದು ಹಾಕುವ ಚಿತ್ರಪುಟಗಳಲ್ಲಿ ಹೊಸ ರೈಡಿನ ಖರ್ಚು, ತೆರೆಯುವ ಅಂದಾಜು ತಿಂಗಳು, ಕೆಲವೊಮ್ಮೆ ನಿವೇಶನದ ಫೋಟೋ ಕೂಡ ಇರುತ್ತವೆ. ಜಾಹೀರಾತಿನ ಮಾತಿಗಿಂತ ಈ ಕಾಗದಕ್ಕೆ ಹೆಚ್ಚು ತೂಕ ಕೊಡಿ. ತೆರೆಯುವ ತಿಂಗಳು ಒಂದು ವರದಿಯಿಂದ ಇನ್ನೊಂದಕ್ಕೆ ಮುಂದೆ ಹೋಗಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಿ.

ಪೂರ್ತಿ ಹೊಸ ಪಾರ್ಕಾದರೆ ಇನ್ನೊಂದು ದಾರಿಯಿದೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟುವ ಯೋಜನೆಗೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಆ ಅರ್ಜಿಗಳು ಕೇಂದ್ರ ಸರ್ಕಾರದ ಪರಿವೇಶ್ ತಾಣದಲ್ಲಿ ಸಾರ್ವಜನಿಕವಾಗಿ ಸಿಗುತ್ತವೆ. ಅರ್ಜಿಯ ಜೊತೆಗಿಟ್ಟ ನಕ್ಷೆಯಲ್ಲಿ ರೈಡಿನ ಹೆಸರಿರುವುದು ಅಪರೂಪ, ಆದರೆ ಉದ್ದನೆಯ ಖಾಲಿ ಜಾಗ ಯಾವ ಮೂಲೆಯಲ್ಲಿ ಬಿಟ್ಟಿದ್ದಾರೆ ಎಂಬುದು ಕಾಣುತ್ತದೆ. ಇರುವ ಪಾರ್ಕಿಗೆ ಒಂದೇ ರೈಡು ಸೇರಿಸುವಾಗ ಇಂಥ ಕಾಗದ ಸಿಗುವುದು ಕಡಿಮೆ.

ಉಪಗ್ರಹ ಚಿತ್ರಕ್ಕೆ ಯುರೋಪಿನ ಸೆಂಟಿನೆಲ್-2 ಸಾಕು. ಕೊಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಸುಮಾರು ಐದು ದಿನಕ್ಕೊಮ್ಮೆ ಹೊಸ ಚಿತ್ರ. ಒಂದು ಚುಕ್ಕೆಗೆ 10 ಮೀಟರ್ ನೆಲ. ಅದರಲ್ಲಿ ಹಳಿ ಕಾಣುತ್ತದೆಂದು ಹುಡುಕಬೇಡಿ. ಮರ ಕಡಿದದ್ದು, ಮಣ್ಣು ತೆಗೆದದ್ದು, ಕಾಂಕ್ರೀಟಿನ ಬಿಳುಪು ಬಂದದ್ದು ಕಾಣುತ್ತದೆ, ಅಷ್ಟು ಸಾಕು. ನಿವೇಶನದ ಬಣ್ಣ ಹಸಿರಿನಿಂದ ಕೆಂಪಿಗೆ ತಿರುಗಿದ ವಾರವೇ ಮೊದಲ ಪ್ರಯಾಣಕ್ಕೆ ಟಿಕೆಟ್ ಮಾಡಿಸುವ ವಾರ. ಮಳೆಗಾಲದಲ್ಲಿ ಮೋಡ ಅಡ್ಡ ಬಂದು ತಿಂಗಳುಗಟ್ಟಲೆ ಏನೂ ಕಾಣದಿರಬಹುದು.

ಆಮದಿನ ಅಂಕಿಗಳನ್ನೂ ನೋಡಬಹುದು. 2022ರ ಸುಂಕ ಪಟ್ಟಿಯಲ್ಲಿ ರೋಲರ್ ಕೋಸ್ಟರಿಗೇ ಬೇರೆ ಸಂಖ್ಯೆ ಬಂದಿದೆ: 9508 21. ವಾಣಿಜ್ಯ ಸಚಿವಾಲಯದ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾವ ದೇಶದಿಂದ ಎಷ್ಟು ಮೌಲ್ಯದ ಸಾಮಾನು ಬಂತು ಎಂದು ತೋರಿಸುತ್ತದೆ. ಯಾರಿಗೆ ಬಂತು ಎಂಬುದಿಲ್ಲ. ಬರೀ ಸೊನ್ನೆಯಿದ್ದ ದೇಶದ ಹೆಸರಿನ ಮುಂದೆ ಒಂದು ತಿಂಗಳು ದೊಡ್ಡ ಅಂಕಿ ಬಿದ್ದಿದ್ದರೆ ಹಳಿ ಹಡಗಿಳಿದಿದೆ ಎಂದು ಊಹಿಸಬಹುದು.

ಮುಂಬೈ ಕಡೆಯ ಬಂದರಿನಲ್ಲಿ ಇಳಿದ ಸಾಮಾನು ಬೆಂಗಳೂರಿಗೆ ಹೋಗುವುದಾದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಮ್ಮೂರನ್ನೇ ಹಾದು ಹೋಗಬೇಕು. 40 ಅಡಿ ಕಂಟೇನರಿನ ಒಳ ಉದ್ದ ಸುಮಾರು 12 ಮೀಟರ್, ಅಗಲ 2.35. ಹಳಿಯ ಬಹುಪಾಲು ತುಂಡುಗಳನ್ನು ಈ ಅಳತೆ ನೋಡಿಕೊಂಡೇ ಕತ್ತರಿಸಿರುತ್ತಾರೆ. ಕಂಟೇನರಿಗೆ ಹಿಡಿಯದ ಬಾಗಿದ ತುಂಡುಗಳು ಮಾತ್ರ ತೆರೆದ ಟ್ರೇಲರಿನಲ್ಲಿ ಬರುತ್ತವೆ. ಎರಡು ಸಮಾನಾಂತರ ದುಂಡು ಕೊಳವೆ, ಅವುಗಳ ನಡುವೆ ಕೆಳಗೆ ದಪ್ಪನೆಯ ಬೆನ್ನು, ಮೂರನ್ನೂ ಸೇರಿಸುವ ಅಡ್ಡಪಟ್ಟಿ ಕಂಡರೆ ಅದು ಕೋಸ್ಟರಿನ ಹಳಿ. ಹೆಬ್ಬಾಳು, ಗುಯಿಲಾಳು ಟೋಲುಗಳ ಆಚೀಚೆಯ ದಾಬಾಗಳಲ್ಲಿ ಟ್ರೇಲರುಗಳು ನಿಂತಿರುವಾಗ ಡ್ರೈವರಣ್ಣನನ್ನು ಕೇಳಿ, ಒಪ್ಪಿದರೆ ಫೋಟೋ ತೆಗೆಯಿರಿ. ಓಡುವ ಹೆದ್ದಾರಿಯ ಅಂಚಿನಲ್ಲಿ ನಿಂತು, ಇಲ್ಲವೇ ಬೈಕಿನಲ್ಲಿ ಹಿಂಬಾಲಿಸಿ ತೆಗೆಯಬೇಡಿ. ಉದ್ದನೆಯ ಟ್ರೇಲರು ತಿರುಗುವಾಗ ಅದರ ಹಿಂಬದಿ ಪಕ್ಕದ ಲೇನಿಗೆ ಬೀಸಿಕೊಂಡು ಬರುತ್ತದೆ.

ಹೋಗುವಾಗ ಚೀಲದಲ್ಲಿ

8×42 ಅಥವಾ 10×42 ದುರ್ಬೀನು, ಅಂದರೆ ಎಂಟು ಇಲ್ಲವೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು. ಇದಕ್ಕಿಂತ ಹೆಚ್ಚು ದೊಡ್ಡದಾಗಿ ತೋರಿಸುವುದನ್ನು ಕೈಯಲ್ಲಿ ಹಿಡಿದರೆ ನಡುಗುತ್ತದೆ. ಶಾಲೆಯ ಕೋನಮಾಪಕ, ಒಂದಡಿ ದಾರ, ದಾರದ ತುದಿಗೆ ಕಟ್ಟಲು ಒಂದು ನಟ್ಟು. ರೂಲು ಹಾಕಿದ ನೋಟ್‌ಬುಕ್ಕು, ಪೆನ್ಸಿಲ್. ನಿಧಾನಗತಿಯ ವಿಡಿಯೋ ತೆಗೆಯುವ ಮೊಬೈಲು. ನೀರು, ಟೋಪಿ.

ಡ್ರೋನು ಬೇಡ. 2021ರ ಡ್ರೋನ್ ನಿಯಮಗಳು ಇರುವುದು ಹಾಗಿರಲಿ, ಕ್ರೇನು ಭಾರ ಎತ್ತಿರುವಾಗ ಆಪರೇಟರಿನ ಕಣ್ಣು ಒಂದು ಕ್ಷಣ ಆಕಡೆ ಹೋದರೂ ಕೆಳಗಿರುವವರ ಜೀವಕ್ಕೆ ಅಪಾಯ. ಬೇಲಿ ಹತ್ತುವುದು, ನೀರಿನ ಟ್ಯಾಂಕು ಏರುವುದು, ಕಾವಲುಗಾರರಿಗೆ ದುಡ್ಡು ತೋರಿಸುವುದು ಇವೆಲ್ಲ ಹಾಗೆಯೇ. ಸಾರ್ವಜನಿಕ ರಸ್ತೆಯಿಂದ, ಇಲ್ಲವೇ ಟಿಕೆಟ್ ಕೊಂಡು ಒಳಗೆ ಹೋಗಿ ಜನ ಓಡಾಡುವ ಜಾಗದಿಂದ ಕಾಣುವುದಷ್ಟೇ ನಮ್ಮದು. ತೆರೆದಿರುವ ಪಾರ್ಕಿನಲ್ಲಿ ಹೊಸ ರೈಡು ಏಳುತ್ತಿದ್ದರೆ ಪಕ್ಕದ ಎತ್ತರದ ರೈಡಿನ ಸಾಲಿನ ಮೆಟ್ಟಿಲುಗಳೇ ಒಳ್ಳೆಯ ಅಟ್ಟ.

ಒಂದು ಜಾಗ ಗೊತ್ತು ಮಾಡಿಕೊಂಡು ಪ್ರತಿ ಸಲ ಅಲ್ಲೇ ನಿಂತು, ಅದೇ ಜೂಮ್‌ನಲ್ಲಿ, ಒಂದೇ ವಿದ್ಯುತ್ ಕಂಬವೋ ಮರವೋ ಚೌಕಟ್ಟಿನ ಅದೇ ಮೂಲೆಯಲ್ಲಿ ಬರುವಂತೆ ಫೋಟೋ ತೆಗೆಯಿರಿ. ಬೇರೆ ಬೇರೆ ಕಡೆಯಿಂದ ತೆಗೆದ ನೂರು ಫೋಟೋಗಿಂತ ಒಂದೇ ಕಡೆಯಿಂದ ತೆಗೆದ ಆರು ಹೆಚ್ಚು ಹೇಳುತ್ತವೆ. ಹೆಚ್ಚು ಜೂಮ್ ಹಾಕಿದ ಚಿತ್ರದಲ್ಲಿ ಹಿಂದಿನದು ಮುಂದಿನದು ಒಂದಕ್ಕೊಂದು ಅಂಟಿದಂತೆ ಕಾಣುವುದರಿಂದ ಅದನ್ನು ನೋಡಿ ದೂರ ಅಳೆಯಬೇಡಿ. ಎರಡು ಬೇರೆ ಹಳಿಗಳನ್ನು ಒಂದೇ ಸುತ್ತು ಎಂದು ತಿಳಿದು ಮೋಸಹೋಗುವುದು ಹೀಗೆಯೇ.

ಗುಂಡಿಗಳನ್ನು ಓದುವುದು

ಮೊದಲು ಮಣ್ಣು. ದಾವಣಗೆರೆ ಸುತ್ತಿನ ಎರೆ ಭೂಮಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಮಿಲಿಮೀಟರ್ ಲೆಕ್ಕದ ಹಳಿ ನಿಲ್ಲಿಸಲಾಗದು. ಅಂಥಲ್ಲಿ ಎರೆಯನ್ನು ದಾಟಿ ಗಟ್ಟಿ ಪದರದವರೆಗೆ ತೋಡಬೇಕು, ಇಲ್ಲವೇ ಪೈಲ್ (ನೆಲದಾಳಕ್ಕೆ ಹೋಗುವ ಕಂಬ) ಇಳಿಸಬೇಕು. ದುರ್ಗದಂಥ ಬಂಡೆಯ ನೆಲವಾದರೆ ಗುಂಡಿ ಆಳವಿರುವುದಿಲ್ಲ, ಆದರೆ ಬಂಡೆ ಒಡೆಯುವ ಬ್ರೇಕರ್ ಬಡಿಯುವ ಸದ್ದು ವಾರಗಟ್ಟಲೆ ಕೇಳುತ್ತದೆ. ಸಮುದ್ರದ ಹತ್ತಿರ, ನೀರು ಮೇಲೇ ಸಿಗುವ ಜಾಗದಲ್ಲಿ ಪೈಲ್ ಯಂತ್ರ ಮತ್ತು ನೀರೆತ್ತುವ ಪಂಪುಗಳು ಮೊದಲು ಬರುತ್ತವೆ. ಪೈಲ್ ಯಂತ್ರ ಬಂದದ್ದನ್ನು ನೋಡಿ ‘ಭಾರೀ ಎತ್ತರದ್ದು ಬರುತ್ತದೆ’ ಎಂದು ಹಾರಬೇಡಿ. ಅದು ಎತ್ತರಕ್ಕಿಂತ ಮಣ್ಣಿನ ಗುಣ ಹೇಳುತ್ತದೆ.

ಆಮೇಲೆ ಗುಂಡಿಗಳ ಸಾಲು. ಕಾಗದದ ಮೇಲೆ ಚುಕ್ಕೆಗಳಾಗಿ ಬರೆದುಕೊಳ್ಳಿ, ಒಂದೊಂದು ಚುಕ್ಕೆಗೂ ಗಾತ್ರ ಹಾಕಿ.

ನೇರ ಸಾಲು, ಸಮ ಅಂತರ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾತ್ರ ಹೆಚ್ಚುತ್ತಾ ಹೋಗುತ್ತದೆ ಎಂದರೆ ಅದು ಸರಪಳಿ ಏರು, ರೈಲನ್ನು ಸರಪಳಿಯಿಂದ ಮೇಲೆಳೆಯುವ ಜಾಗ. ಅದರ ಉದ್ದದಿಂದಲೇ ಎತ್ತರದ ಮೊದಲ ಅಂದಾಜು ಸಿಗುತ್ತದೆ. ಏರು 30 ಡಿಗ್ರಿ ಎಂದಿಟ್ಟುಕೊಂಡು, ನೆಲದ ಮೇಲಿನ ಸಾಲಿನ ಉದ್ದ 60 ಮೀಟರ್ ಇದ್ದರೆ 60 × 0.577 = 34.6 ಮೀಟರ್. ಜನ ಹತ್ತಿಳಿಯುವ ಸ್ಟೇಷನ್ನು ನೆಲದಿಂದ ಮೂರ್ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಅಷ್ಟನ್ನು ಸೇರಿಸಿ. 45 ಡಿಗ್ರಿಯ ಏರುಗಳೂ ಇವೆ. ಕೋನ ಗೊತ್ತಾಗುವವರೆಗೆ ಈ ಅಂಕಿಯ ಮುಂದೆ ಪ್ರಶ್ನಾರ್ಥಕ ಇರಲಿ.

ಜೋಡಿ ಗುಂಡಿಗಳು ಒಂದಕ್ಕೊಂದು ದೂರ ನಿಂತಿದ್ದರೆ ಮೇಲೆ ಕಾಲು ಅಗಲಿಸಿ ನಿಂತ ಕಂಬ ಬರುತ್ತದೆ. ಅಂದರೆ ಅಲ್ಲಿ ಎತ್ತರವೋ ಪಕ್ಕಕ್ಕೆ ದೊಡ್ಡ ತಳ್ಳುವಿಕೆಯೋ ಇದೆ. ವೇಗದ ತಿರುವಿನ ಹೊರಬದಿಯಲ್ಲಿ ಇಂಥವು ಹೆಚ್ಚು. ಕಾಂಕ್ರೀಟಿನ ತಲೆ ಓರೆಯಾಗಿದ್ದರೆ ಕಂಬವೂ ಓರೆ. ಕಂಬಗಳು ಹಳಿಯ ಪಕ್ಕದಿಂದ ಎದ್ದು ಮೇಲೆ ಗಿಣ್ಣು ಬಾಗಿ ಹಳಿಯನ್ನು ಮೇಲಿನಿಂದ ಹಿಡಿಯುವಂತಿದ್ದರೆ ಅದು ಚೆನ್ನೈ ವಂಡರ್‌ಲಾದ ತಂಜೋರಾದಂತೆ ರೈಲು ಹಳಿಯ ಕೆಳಗೆ ತೂಗುವ ಇನ್ವರ್ಟೆಡ್ ಬಗೆ. ಖೋಪೋಲಿಯಲ್ಲಿ 2013ರಲ್ಲಿ ಬಂದ ನೈಟ್ರೊದಂತೆ ಕಾಲ ಕೆಳಗೆ ನೆಲವಿಲ್ಲದ ರೈಲಾದರೆ, ಹತ್ತುವಾಗ ನೆಲ ಬಂದು ಹೊರಡುವಾಗ ಸರಿಯಬೇಕು. ಅದಕ್ಕಾಗಿ ಸ್ಟೇಷನ್ನಿನ ಕೆಳಗೆ ಯಂತ್ರದ ಜಾಗ ಬಿಟ್ಟಿರುತ್ತಾರೆ.

ಉದ್ದನೆಯ ಸಮತಟ್ಟು ಪಟ್ಟಿ, ತಗ್ಗು ಎತ್ತರದಲ್ಲಿ ಹತ್ತಿರ ಹತ್ತಿರ ಕಂಬ ಎಂದರೆ ಬ್ರೇಕಿನ ಜಾಗ. ಅಂಥ ಪಟ್ಟಿ ದಾರಿಯ ನಡುವಿನಲ್ಲಿ, ಅದೂ ಎತ್ತರದಲ್ಲಿ ಬಂದು, ಪಕ್ಕಕ್ಕೆ ನಡೆದಾಡುವ ಕಟ್ಟೆ ಮತ್ತು ಮೆಟ್ಟಿಲು ಇದ್ದರೆ ಅದು ನಡುದಾರಿ ಬ್ರೇಕು. ಮೆಟ್ಟಿಲು ಎಲ್ಲಿದೆಯೋ ಅಲ್ಲಿ ರೈಲು ನಿಲ್ಲಬಲ್ಲದು. ನಿಂತರೆ ಜನರನ್ನು ಇಳಿಸಬೇಕಲ್ಲ. ಇವನ್ನು ಎಣಿಸಿದರೆ ಎಷ್ಟು ರೈಲು ಓಡಬಹುದು ಎಂದು ಗೊತ್ತಾಗುತ್ತದೆ. ದಾರಿಯನ್ನು ಬ್ಲಾಕುಗಳಾಗಿ ಪಾಲು ಮಾಡಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ರೈಲು, ಮುಂದಿನದು ಖಾಲಿಯಾಗದೆ ಹಿಂದಿನದನ್ನು ಬಿಡುವಂತಿಲ್ಲ. ಆದ್ದರಿಂದ ರೈಲುಗಳಿಗಿಂತ ಬ್ಲಾಕು ಕನಿಷ್ಠ ಒಂದು ಹೆಚ್ಚಿರಬೇಕು. ಸ್ಟೇಷನ್, ಏರು, ನಡುದಾರಿ ಬ್ರೇಕು, ಕೊನೆಯ ಬ್ರೇಕು ಸೇರಿ ನಾಲ್ಕಾದರೆ ರೈಲು ಹೆಚ್ಚೆಂದರೆ ಮೂರು. ಬಿಡದಿಯ ರಿಕಾಯಿಲ್‌ನಂಥ ಬೂಮರಾಂಗ್ ಮಾದರಿಯಲ್ಲಿ ಹೋದ ದಾರಿಯಲ್ಲೇ ಹಿಂದಕ್ಕೆ ಬರಬೇಕಾದ್ದರಿಂದ ಒಂದೇ ರೈಲು.

ಏರಿನ ಸಾಲೇ ಇಲ್ಲ, ಬದಲಿಗೆ ನೆಲಮಟ್ಟದಲ್ಲಿ ಉದ್ದನೆಯ ನೇರ ಪಟ್ಟಿ, ಪಕ್ಕದಲ್ಲಿ ಅಗಲ ಕೇಬಲ್ ಕಾಲುವೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಕಟ್ಟೆ ಕಂಡರೆ ಆಯಸ್ಕಾಂತದ ಬಲದಿಂದ ಚಿಮ್ಮಿಸುವ ಲಾಂಚ್ ಬಗೆ ಇರಬಹುದು.

ಆಂಕರ್ ಬೋಲ್ಟಿನ ಹಂತ ಅತಿ ನಾಜೂಕಿನದು, ಕೆಲಸ ಹೆಚ್ಚು ಕೆಡುವುದೂ ಇಲ್ಲೇ. ಕಂಬಿ ಕಟ್ಟಿ, ಬೋಲ್ಟುಗಳನ್ನು ಉಕ್ಕಿನ ತೂತು ಹಲಗೆಯಲ್ಲಿ ನಿಲ್ಲಿಸಿ, ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರದಲ್ಲಿ ಜಾಗ ನೋಡಿ, ಆಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ತಾಗಿ ಹಲಗೆ ಕೆಲವೇ ಮಿಲಿಮೀಟರ್ ಸರಿದರೂ ಕಂಬದ ಬುಡತಟ್ಟೆ ಬೋಲ್ಟಿನ ಮೇಲೆ ಇಳಿಯುವುದಿಲ್ಲ. ಒಂದು ಬುಡದ ಸುತ್ತ ಮತ್ತೆ ಒಡೆಯುವ ಕೆಲಸ ನಡೆಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದೇ, ಇಡೀ ಯೋಜನೆ ನಿಂತಿದೆ ಎಂದು ಸುದ್ದಿ ಹಬ್ಬಿಸಬೇಡಿ. ಸುರಿದ ಮೇಲೆ ಬೋಲ್ಟಿನ ತಿರುಪು ಸುತ್ತುಗಳಿಗೆ ಕೊಳವೆಯೋ ಟೇಪೋ ಸುತ್ತಿ, ಗೋಣಿಚೀಲ ಹೊದಿಸಿ ನೀರು ಹಾಕುತ್ತಾರೆ. ಕಾಂಕ್ರೀಟಿನ ಪೂರ್ತಿ ಬಲದ ಲೆಕ್ಕ 28 ದಿನಕ್ಕೆ, ಏಳು ದಿನಕ್ಕೆ ಸುಮಾರು ಮೂರನೇ ಎರಡು ಪಾಲು. ಸುರಿದ ದಿನಾಂಕ ಬರೆದಿಟ್ಟುಕೊಂಡರೆ ಕಂಬ ಯಾವಾಗ ಏಳಬಹುದು ಎಂದು ಮೊದಲೇ ಹೇಳಬಹುದು.

ಕಂಬ, ಹಳಿ

ಕಂಬ ಬೋಲ್ಟಿನ ಮೇಲೆ ಕೂತಾಗ ಬುಡತಟ್ಟೆಗೂ ಕಾಂಕ್ರೀಟಿಗೂ ನಡುವೆ ಒಂದೆರಡು ಅಂಗುಲ ಸಂದು ಕಾಣುತ್ತದೆ. ಅದು ತಪ್ಪಲ್ಲ. ಕೆಳಗಿನ ನಟ್ಟು ತಿರುಗಿಸಿ ಮಟ್ಟ ತಂದ ಮೇಲೆ ಕುಗ್ಗದ ಗ್ರೌಟ್ (ಸಿಮೆಂಟಿನ ತೆಳು ಗಾರೆ) ತುಂಬುತ್ತಾರೆ. ಸಂದು ತುಂಬಿದ ಭಾಗದಲ್ಲಿ ಅಳತೆ ಅಂತಿಮವಾಗಿದೆ, ತುಂಬದ ಕಡೆ ಹಳಿ ಇನ್ನೂ ಅಲುಗಬಹುದು. ಕೆಲಸ ಎಷ್ಟು ಮುಂದುವರಿದಿದೆ ಎಂಬುದಕ್ಕೆ ಹಳಿಯ ಉದ್ದಕ್ಕಿಂತ ಈ ಗ್ರೌಟು ನಂಬಿಕೆಯ ಗುರುತು.

ಹಳಿಯ ಪ್ರತಿ ತುಂಡಿನ ತುದಿಯಲ್ಲಿ ನಂಬರ್ ಇರುತ್ತದೆ. ಅಂಗಳದಲ್ಲಿ ಸುರಿದ ತುಂಡುಗಳು ನಂಬರಿನ ಕ್ರಮದಲ್ಲಿ ಇರುವುದಿಲ್ಲ, ಲಾರಿಯಿಂದ ಇಳಿದ ಕ್ರಮದಲ್ಲಿರುತ್ತವೆ. ಕಾಣುವ ಅತಿ ದೊಡ್ಡ ನಂಬರ್ ಬರೆದುಕೊಳ್ಳಿ, ಒಟ್ಟು ತುಂಡುಗಳ ಅಂದಾಜಿಗೆ ಅದು ಬೇಕು. ತಿರುಚಿದ ತುಂಡಿನ ಒಂದು ತುದಿಯ ಅಡ್ಡಪಟ್ಟಿ ಮಲಗಿ, ಇನ್ನೊಂದು ತುದಿಯದು ನೆಟ್ಟಗೆ ನಿಂತಿದ್ದರೆ ರೈಲು ಅಷ್ಟರೊಳಗೆ ಕಾಲು ಸುತ್ತು ಉರುಳುತ್ತದೆ.

ರೈಲು ತಲೆಕೆಳಗಾಗಿ ಸುತ್ತುವ ಲೂಪ್ ಏಳುವಾಗ ಆಕಾರ ನೋಡಿ. ಕೆಳಗೆ ಬಾಗು ಸಡಿಲ, ಮೇಲೆ ಬಿಗಿ, ನೀರಹನಿಯಂತೆ. ಪೂರ್ತಿ ವೃತ್ತ ಮಾಡಿದರೆ, ತುದಿಯಲ್ಲಿ ಬೀಳದಷ್ಟೇ ವೇಗ ಉಳಿಸಿಕೊಂಡರೂ ಬುಡದಲ್ಲಿ ಕೂತವರಿಗೆ ತಮ್ಮ ತೂಕದ ಆರರಷ್ಟು ಭಾರ ಬೀಳುತ್ತದೆ. ಅದನ್ನು ತಪ್ಪಿಸಲೆಂದೇ ಈ ಆಕಾರ.

ಕೊನೆಯ ತುಂಡು ಕೂರುವ ದಿನ ನೋಡಲು ಚೆಂದ. ಹಿಂದಿನ ಎಲ್ಲ ತುಂಡುಗಳ ಸಣ್ಣ ಸಣ್ಣ ತಪ್ಪು ಅಲ್ಲಿ ಬಂದು ಸೇರುತ್ತದೆ. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಬೆಳಗಿನ ಜಾವ ಕೂತ ಬೋಲ್ಟು ಮಧ್ಯಾಹ್ನ ಕೂರದಿರಬಹುದು. 100 ಮೀಟರ್ ಉಕ್ಕು 20 ಡಿಗ್ರಿ ಬಿಸಿಯೇರಿದರೆ 24 ಮಿಲಿಮೀಟರ್ ಉದ್ದವಾಗುತ್ತದೆ.

ಎತ್ತರ, ವೇಗ: ಅಳೆಯುವ ಬಗೆ

ಕೋನಮಾಪಕದ ಕೇಂದ್ರಕ್ಕೆ ದಾರ ಕಟ್ಟಿ ನಟ್ಟು ತೂಗಿಬಿಡಿ. ನೇರ ಅಂಚಿನ ಮೂಲಕ ಹಳಿಯ ತುದಿ ನೋಡಿ; ದಾರ ಬಿದ್ದ ಅಂಕಿಯನ್ನು 90ರಿಂದ ಕಳೆದರೆ ಕೋನ. ನಿಂತ ಜಾಗದಿಂದ ಬುಡಕ್ಕಿರುವ ದೂರವನ್ನು ಮೊಬೈಲಿನ ಮ್ಯಾಪಿನಲ್ಲಿ ಅಳೆಯಿರಿ. 100 ಮೀಟರ್ ದೂರ, 20 ಡಿಗ್ರಿ ಕೋನ ಎಂದರೆ 100 × 0.364 = 36.4. ಕಣ್ಣಿನ ಎತ್ತರ 1.6 ಸೇರಿಸಿ 38 ಮೀಟರ್. ಒಂದು ಡಿಗ್ರಿ ತಪ್ಪಿದರೆ ಸುಮಾರು 2 ಮೀಟರ್ ತಪ್ಪು. ಐದು ಸಲ ನೋಡಿ ಸರಾಸರಿ ಹಿಡಿಯಿರಿ. ದಾವಣಗೆರೆಯಲ್ಲಿ ಎತ್ತರ ಗೊತ್ತಿರುವ ಯಾವುದಾದರೂ ಕಟ್ಟಡದ ಮೇಲೆ ಮೊದಲು ಅಭ್ಯಾಸ ಮಾಡಿ. ನೆರಳಿನಿಂದ ಅಳೆಯುವ ಹಳೆಯ ಉಪಾಯವೂ ಆದೀತು, ಆದರೆ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ನೆರಳೇ ಸಿಗುವುದಿಲ್ಲ.

ಇಳಿಜಾರಿನ ಎತ್ತರ ಗೊತ್ತಾದರೆ ವೇಗದ ಗರಿಷ್ಠ ಮಿತಿ ಗೊತ್ತಾಗುತ್ತದೆ: 20 ಮೀಟರ್ ಇಳಿದರೆ ಗಂಟೆಗೆ 71 ಕಿ.ಮೀ., 30ಕ್ಕೆ 87, 40ಕ್ಕೆ 101. ಇದು ಗಾಳಿ, ಘರ್ಷಣೆ ಏನೂ ಇಲ್ಲದ ಲೆಕ್ಕ. ಗೋಪುರದ ಎತ್ತರವನ್ನೇ ಇಳಿಜಾರು ಎಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಬೂಮರಾಂಗ್ ಮಾದರಿಯ ಗೋಪುರ ಸುಮಾರು 35 ಮೀಟರ್, ಆದರೂ ವೇಗ 76ರ ಆಸುಪಾಸು. ಅಲ್ಲಿ ರೈಲು ಇಳಿದು ಹಾಯುವುದು ನೆಲಕ್ಕಲ್ಲ, ಎತ್ತರದ ಸ್ಟೇಷನ್ನಿಗೆ. ಜೊತೆಗೆ ಉದ್ದನೆಯ ರೈಲಿನ ನಡುಭಾಗ ಗೋಪುರದ ತುದಿ ಮುಟ್ಟುವುದೇ ಇಲ್ಲ.

ಓಡುವ ರೈಲಿನ ವೇಗವನ್ನೇ ಅಳೆಯಬೇಕಾದರೆ ಸೆಕೆಂಡಿಗೆ 240 ಚಿತ್ರದ ನಿಧಾನಗತಿ ವಿಡಿಯೋ ತೆಗೆಯಿರಿ. ರೈಲಿನ ಮೂತಿ ಒಂದು ಕಂಬ ಮುಟ್ಟಿದಾಗಿನಿಂದ ಬಾಲ ದಾಟುವವರೆಗೆ ಚಿತ್ರ ಎಣಿಸಿ. 12 ಮೀಟರ್ ರೈಲಿಗೆ 120 ಚಿತ್ರ ಹಿಡಿದರೆ ಅರ್ಧ ಸೆಕೆಂಡು, ಅಂದರೆ ಸೆಕೆಂಡಿಗೆ 24 ಮೀಟರ್, ಗಂಟೆಗೆ 86 ಕಿ.ಮೀ.

ಪರೀಕ್ಷಾ ಓಟ

ಹಳಿ ಸೇರಿತು ಎಂದರೆ ಇನ್ನೇನು ಹತ್ತಬಹುದು ಎಂದುಕೊಳ್ಳುವವರು ಬಹಳ. ವೈರಿಂಗ್, ಸೆನ್ಸರ್, ಬ್ರೇಕು, ಕಂಟ್ರೋಲ್ ಎಲ್ಲ ಇನ್ನು ಶುರು. ಹೊರಗಿನಿಂದ ಏನೂ ನಡೆಯದಂತೆ ಕಾಣುವ ವಾರಗಳು ಇವು. ಈ ಹೊತ್ತಿನಲ್ಲಿ ಪ್ರಯಾಣ ಮಾಡಿ ದುಡ್ಡು ಕಳೆಯಬೇಡಿ.

ಮೊದಲು ಒಂದು ಗಾಡಿಗೆ ಮರದ್ದೋ ಕೊಳವೆಯದೋ ಚೌಕಟ್ಟು ಕಟ್ಟಿ ನಿಧಾನಕ್ಕೆ ಇಡೀ ದಾರಿ ಎಳೆಯುತ್ತಾರೆ. ಕೂತವರ ಕೈಕಾಲು ಚಾಚಿದರೆ ಎಷ್ಟು ದೂರ ಹೋದೀತೋ ಅಷ್ಟು ಅಗಲದ ಚೌಕಟ್ಟು ಅದು. ಎಲ್ಲೂ ಕಂಬಕ್ಕೆ, ಗಿಡದ ಕೊಂಬೆಗೆ ತಾಗಬಾರದು. ಆಮೇಲೆ ಖಾಲಿ ರೈಲು, ನಂತರ ಆಸನಗಳಲ್ಲಿ ನೀರು ತುಂಬಿದ ಗೊಂಬೆಗಳೋ ಮರಳಿನ ಚೀಲಗಳೋ.

ಮೊದಲ ಓಟಗಳಲ್ಲಿ ರೈಲು ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಹಿಂದೆ ಮುಂದೆ ತೂಗಿ ನಿಂತುಬಿಡಬಹುದು. ಹೊಸ ಬೇರಿಂಗು ಬಿಗಿ ಇರುತ್ತದೆ, ಗ್ರೀಸು ಮಂದ ಇರುತ್ತದೆ, ಖಾಲಿ ರೈಲಿಗೆ ತೂಕ ಕಡಿಮೆ, ಎದುರುಗಾಳಿ ಇದ್ದರೆ ಮುಗಿಯಿತು. ತೂಕ ಹೆಚ್ಚಿದ್ದಾಗ ಅದೇ ಗಾಳಿ ರೈಲನ್ನು ಅಷ್ಟು ತಡೆಯಲಾರದು, ಹಾಗಾಗಿ ಗೊಂಬೆ ತುಂಬಿದ ರೈಲು ಖಾಲಿಯದಕ್ಕಿಂತ ಜೋರು. ತಗ್ಗಿನಲ್ಲಿ ನಿಂತ ರೈಲನ್ನು ವಿಂಚಿನಿಂದ ಎಳೆಯಲು, ಕೆಲವೊಮ್ಮೆ ಕ್ರೇನು ತರಿಸಲು ದಿನಗಳೇ ಬೇಕಾಗಬಹುದು. ಇದು ಅಪಘಾತವಲ್ಲ. ಪರೀಕ್ಷೆ ಇರುವುದೇ ಇದನ್ನು ಜನ ಕೂರುವ ಮೊದಲು ಕಂಡುಕೊಳ್ಳಲು. ನಿಂತ ರೈಲಿನ ಫೋಟೋಗೆ ‘ದುರಂತ ತಪ್ಪಿತು’ ಎಂದು ಬರೆದು ಹಂಚುವುದು ಅಲ್ಲಿ ಬಿಸಿಲಲ್ಲಿ ದುಡಿಯುವವರಿಗೆ ಮಾಡುವ ಅನ್ಯಾಯ. ಹಾಗೆಯೇ ಲಾಂಚ್ ಬಗೆಯಲ್ಲಿ ರೈಲು ತುದಿ ಮುಟ್ಟದೆ ಹಿಂದಕ್ಕೆ ಜಾರಿ ಬರುವುದು ಕೂಡ ಮೊದಲೇ ಲೆಕ್ಕ ಹಾಕಿದ್ದು. ಅದನ್ನು ಹಿಡಿಯಲು ಬ್ರೇಕಿನ ಪಟ್ಟಿಗಳು ಮೇಲೇಳುತ್ತವೆ.

ಏರಿನಲ್ಲಿ ಕೇಳುವ ಕಟಕಟ ಸದ್ದು ಸರಪಳಿಯದಲ್ಲ. ರೈಲಿನ ಅಡಿಯ ಕೊಕ್ಕೆ ಹಳಿಯ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಸದ್ದು. ಸರಪಳಿ ಕಡಿದರೂ ರೈಲು ಹಿಂದಕ್ಕೆ ಜಾರದಂತೆ ಹಿಡಿಯುವುದು ಅದೇ.

ಗಡಿಯಾರ ಹಿಡಿದು ಏರಿನ ತುದಿಯಿಂದ ಕೊನೆಯ ಬ್ರೇಕಿನವರೆಗಿನ ಸಮಯ ಬರೆಯಿರಿ. ಜೊತೆಗೆ ಹೊತ್ತು, ಬಿಸಿಲು, ಗೊಂಬೆ ಇದೆಯೇ ಇಲ್ಲವೇ ಎಂಬುದನ್ನೂ. ಬೆಳಗ್ಗೆ ನಿಧಾನ, ಚಕ್ರ ಬಿಸಿಯಾದ ಮೇಲೆ ಮಧ್ಯಾಹ್ನ ಜೋರು. ದಿನದಿನಕ್ಕೆ ಸಮಯ ಇಳಿಯುತ್ತಾ ಬಂದು ಒಂದು ಅಂಕಿಯಲ್ಲಿ ನಿಂತರೆ ಚಕ್ರ, ಬೇರಿಂಗು ಪಳಗಿವೆ. ಅಲ್ಲಿಂದ ಮುಂದೆ ಬೇಕೆಂದೇ ರೈಲನ್ನು ಪ್ರತಿ ಬ್ಲಾಕಿನಲ್ಲೂ ನಿಲ್ಲಿಸಿ ನೋಡುತ್ತಾರೆ, ಕರೆಂಟು ತೆಗೆದು ನೋಡುತ್ತಾರೆ. ಆಯಸ್ಕಾಂತದ ಬ್ರೇಕಿಗೆ ಕರೆಂಟು ಬೇಡ, ಆದರೆ ಅದು ವೇಗ ಇಳಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸಲಾರದು. ಕೊನೆಯಲ್ಲಿ ಹಿಡಿದು ನಿಲ್ಲಿಸಲು ಬೇರೆ ಬ್ರೇಕು ಇರುತ್ತದೆ.

ತೆರೆಯುವ ದಿನ ಹತ್ತಿರ ಬಂದಿದೆ ಎನ್ನಲು ನಂಬಬಹುದಾದ ಗುರುತು ಬೋರ್ಡಲ್ಲ, ಮೆಟ್ಟಿಲ ಮೇಲಿನ ಜನ. ಸಿಬ್ಬಂದಿ ಸೊಂಟಪಟ್ಟಿ ಕಟ್ಟಿಕೊಂಡು ಏರಿನ ಮೇಲಿನಿಂದ ಒಬ್ಬೊಬ್ಬರನ್ನೇ ಇಳಿಸುವ ಅಭ್ಯಾಸ ಮಾಡುತ್ತಿದ್ದರೆ ತರಬೇತಿ ಶುರುವಾಗಿದೆ.

ನೋಟ್‌ಬುಕ್ಕು

ದಿನಾಂಕ, ಹೊತ್ತು, ನಿಂತ ಜಾಗ, ಕಂಡದ್ದು, ಅದರಿಂದ ಊಹಿಸಿದ್ದು ಎಂದು ಐದು ಕಲಂ. ಕೊನೆಯ ಎರಡನ್ನು ಎಂದೂ ಬೆರೆಸಬೇಡಿ. ‘ಎಂಟು ಗುಂಡಿ, ನೇರ ಸಾಲು’ ಎಂಬುದು ಕಂಡದ್ದು, ‘ಏರು’ ಎಂಬುದು ಊಹೆ. ಊಹೆ ತಪ್ಪಾದಾಗ ಅಳಿಸದೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆಯಿರಿ. ಫೋಟೋದ ಹೆಸರು ವರ್ಷ-ತಿಂಗಳು-ದಿನದಿಂದ ಶುರುವಾದರೆ ತಾವಾಗಿಯೇ ಸಾಲಾಗಿ ಕೂರುತ್ತವೆ. ಕೆಲಸಗಾರರ ಮುಖ ಕಾಣುವ ಚಿತ್ರ ಯಾರಿಗೂ ಕಳಿಸಬೇಡಿ.

ಪ್ರಯಾಣಗಳ ಹೊತ್ತು ಹೀಗಿರಲಿ: ಗುಂಡಿ ತೋಡಿದ ಮೇಲೆ, ಆಂಕರ್ ಬೋಲ್ಟು ನಿಂತಾಗ, ಏರಿನ ಕಂಬ ಅರ್ಧ ಎದ್ದಾಗ, ಕೊನೆಯ ತುಂಡಿನ ಸುಮಾರಿಗೆ, ಗೊಂಬೆಗಳ ಓಟಕ್ಕೆ. ಕರ್ನಾಟಕದ ಪಾರ್ಕಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಯ ಕೆಲಸ ನಿಧಾನ, ಚೆನ್ನೈ ಕಡೆಯದಾದರೆ ಅಕ್ಟೋಬರ್‌ನಿಂದ ಡಿಸೆಂಬರ್.

ಆರನೆಯ ಪ್ರಯಾಣ ಹತ್ತಲು. ತೆರೆದ ಮೊದಲ ವಾರಗಳಲ್ಲಿ ಸೆನ್ಸರಿನ ತಕರಾರಿಗೆ ರೈಡು ಆಗಾಗ ನಿಲ್ಲುತ್ತದೆ. ದಾವಣಗೆರೆಯಿಂದ ಹೋಗುವವರು ಒಂದೆರಡು ತಿಂಗಳು ಬಿಟ್ಟು, ಶಾಲೆ ನಡೆಯುವ ದಿನಗಳಲ್ಲಿ ಮಂಗಳವಾರವೋ ಬುಧವಾರವೋ ಹೋದರೆ ಒಳ್ಳೆಯದು. ಸಾಲಿನಲ್ಲಿ ನಿಂತಾಗ ಒಂದು ರೈಲು ಹೊರಟು ಮುಂದಿನದು ಹೊರಡುವ ನಡುವಿನ ಸೆಕೆಂಡು ಎಣಿಸಿ. 24 ಆಸನ, 90 ಸೆಕೆಂಡಿಗೊಂದು ರೈಲು ಎಂದರೆ ಗಂಟೆಗೆ 960 ಜನ. ನಿಮ್ಮ ಮುಂದೆ 480 ಜನ ಇದ್ದರೆ ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆಯಲ್ಲಿ ಸಾಲು ಕಂಬಗಳ ಬುಡದ ಪಕ್ಕದಲ್ಲೇ ಹಾದು ಹೋದರೆ ನಟ್ಟುಗಳ ಮೇಲಿನ ಬಣ್ಣದ ಗೆರೆಗಳನ್ನು ಹತ್ತಿರದಿಂದ ನೋಡಿಕೊಳ್ಳಿ.